ಪೊಕೆಮಾನ್ ಸ್ಪರ್ಧೆಗಳಲ್ಲಿ ಮೂವ್‌ಸೆಟ್ ಆಯ್ಕೆ

ಮೂವ್‌ಸೆಟ್ ಎಂದರೆ ಪೊಕೆಮಾನ್ ವಿಡಿಯೊ ಆಟಗಳಲ್ಲಿ ಒಂದು ಪೊಕೆಮಾನ್ ಕಾಳಗಕ್ಕೆ ಇಳಿಯುವಾಗ ತನ್ನೊಡನೆ ಒಯ್ಯುವ ಪಟ್ಟುಗಳ ಗುಚ್ಛ. ಒಂದು ಪೊಕೆಮಾನ್ ಹತ್ತಾರು ಪಟ್ಟುಗಳನ್ನು ಕಲಿಯಬಲ್ಲುದಾದರೂ ಏಕಕಾಲಕ್ಕೆ ನಾಲ್ಕಕ್ಕಿಂತ ಹೆಚ್ಚನ್ನು ಇಟ್ಟುಕೊಳ್ಳಲಾರದು. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಗೇಮ್ ಬಾಯ್ ಯಂತ್ರಕ್ಕಾಗಿ ಬಿಡುಗಡೆಯಾದ ರೆಡ್ ಮತ್ತು ಗ್ರೀನ್ ಆವೃತ್ತಿಗಳ ಕಾಲದಿಂದಲೂ ಮುಖ್ಯ ಸರಣಿಯಲ್ಲಿ ಈ ಮಿತಿ ಉಳಿದುಕೊಂಡು ಬಂದಿದೆ. ಪೊಕೆಮಾನ್‌ಗಳ ಸಂಖ್ಯೆ, ವರ್ಗಗಳು, ಯುದ್ಧದ ನಿಯಮಗಳು ಎಲ್ಲವೂ ಬೆಳೆದಿವೆ. ನಾಲ್ಕು ಮಾತ್ರ ನಾಲ್ಕಾಗಿಯೇ ಇದೆ. ಆದುದರಿಂದ ಸ್ಪರ್ಧಾತ್ಮಕ ಆಟದಲ್ಲಿ ಮೂವ್‌ಸೆಟ್ ಆಯ್ಕೆಯೆಂಬುದು ಏನನ್ನು ಇಟ್ಟುಕೊಳ್ಳಬೇಕು ಎಂಬುದಕ್ಕಿಂತ ಏನನ್ನು ಬಿಡಬೇಕು ಎಂಬ ಪ್ರಶ್ನೆಯಾಗಿದೆ. ಈ ಇಕ್ಕಟ್ಟನ್ನು ಆಟಗಾರರು ಇಂಗ್ಲಿಷಿನಲ್ಲಿ 'ಫೋರ್ ಮೂವ್‌ಸ್ಲಾಟ್ ಸಿಂಡ್ರೋಮ್' ಎಂದು ಕರೆಯುತ್ತಾರೆ.

ಈ ಆಟಗಳಿಗೆ ಕನ್ನಡ ಆವೃತ್ತಿ ಇಲ್ಲ. ಹೀಗಾಗಿ ಈ ಲೇಖನದಲ್ಲಿ ಪೊಕೆಮಾನ್‌ಗಳ ಮತ್ತು ಪಟ್ಟುಗಳ ಹೆಸರುಗಳನ್ನು ಇಂಗ್ಲಿಷ್ ಆವೃತ್ತಿಯಲ್ಲಿರುವಂತೆಯೇ ಬಳಸಲಾಗಿದೆ. 'ಮೂವ್' ಎಂಬುದಕ್ಕೆ ಕುಸ್ತಿಯ ಪರಿಭಾಷೆಯಿಂದ 'ಪಟ್ಟು' ಎಂಬ ಪದವನ್ನು ತೆಗೆದುಕೊಳ್ಳಲಾಗಿದೆ.

ಪಟ್ಟುಗಳ ಸ್ವರೂಪ

ಪ್ರತಿಯೊಂದು ಪಟ್ಟಿಗೂ ಒಂದು ವರ್ಗವಿರುತ್ತದೆ: ಬೆಂಕಿ, ನೀರು, ವಿದ್ಯುತ್, ಭೂಮಿ ಮುಂತಾದವು. ಮೊದಲ ಆಟಗಳಲ್ಲಿ 15 ವರ್ಗಗಳಿದ್ದವು. 1999ರ ಗೋಲ್ಡ್ ಮತ್ತು ಸಿಲ್ವರ್ ಆವೃತ್ತಿಗಳಲ್ಲಿ ಅವು 17 ಆದವು. 2013ರ ಎಕ್ಸ್ ಮತ್ತು ವೈ ಆವೃತ್ತಿಗಳಲ್ಲಿ ಫೇರಿ ವರ್ಗ ಸೇರಿ 18 ಆದವು. ಎದುರಾಳಿಯ ವರ್ಗಕ್ಕೆ ತಕ್ಕಂತೆ ಒಂದು ಪಟ್ಟಿನ ಪೆಟ್ಟು ಇಮ್ಮಡಿಯಾಗಬಹುದು, ಅರ್ಧವಾಗಬಹುದು, ಅಥವಾ ಸೊನ್ನೆಯಾಗಬಹುದು. ಎದುರಾಳಿಗೆ ಎರಡು ವರ್ಗಗಳಿದ್ದರೆ ಇವು ಪರಸ್ಪರ ಗುಣಿಸಲ್ಪಟ್ಟು ನಾಲ್ಮಡಿಯವರೆಗೂ ಹೋಗುತ್ತವೆ. ಇದಲ್ಲದೆ, ಪೊಕೆಮಾನ್ ತನ್ನದೇ ವರ್ಗದ ಪಟ್ಟನ್ನು ಹಾಕಿದಾಗ ಅದರ ಪೆಟ್ಟು ಒಂದೂವರೆ ಪಟ್ಟಾಗುತ್ತದೆ.

ಪರಿಣಾಮದ ದೃಷ್ಟಿಯಿಂದ ಪಟ್ಟುಗಳು ಮೂರು ಬಗೆ. ದೈಹಿಕ ಪಟ್ಟುಗಳು ಹಾಕುವವನ ಆಕ್ರಮಣ ಅಂಕವನ್ನು ಅವಲಂಬಿಸುತ್ತವೆ. ವಿಶೇಷ ಪಟ್ಟುಗಳು ವಿಶೇಷ ಆಕ್ರಮಣ ಅಂಕವನ್ನು ಅವಲಂಬಿಸುತ್ತವೆ. ಮೂರನೆಯ ಬಗೆಯಾದ ಸ್ಥಿತಿಪಟ್ಟುಗಳು ನೇರವಾಗಿ ಪೆಟ್ಟು ಕೊಡದೆ ನಿದ್ರೆ, ಪಾರ್ಶ್ವವಾಯು, ರಕ್ಷಣೆ, ವೇಗದ ಹೆಚ್ಚಳ ಇತ್ಯಾದಿಗಳನ್ನು ಉಂಟುಮಾಡುತ್ತವೆ.

ಈ ವಿಂಗಡಣೆ ಮೊದಲಿನಿಂದ ಹೀಗಿರಲಿಲ್ಲ. 2006ರ ಡೈಮಂಡ್ ಮತ್ತು ಪರ್ಲ್ ಆವೃತ್ತಿಗಳಿಗೆ ಮುನ್ನ ಪಟ್ಟಿನ ವರ್ಗವೇ ಅದು ದೈಹಿಕವೋ ವಿಶೇಷವೋ ಎಂಬುದನ್ನು ನಿರ್ಧರಿಸುತ್ತಿತ್ತು. ನೀರಿನ ಪಟ್ಟುಗಳೆಲ್ಲ ವಿಶೇಷ, ಭೂತವರ್ಗದ ಪಟ್ಟುಗಳೆಲ್ಲ ದೈಹಿಕ. ಇದರ ಫಲವಾಗಿ 125 ಆಕ್ರಮಣಾಂಕವುಳ್ಳ ಗ್ಯಾರಡಾಸ್ ತನ್ನ ಸ್ವಂತ ವರ್ಗವಾದ ನೀರಿನ ಪಟ್ಟುಗಳನ್ನು 60ರ ವಿಶೇಷಾಂಕದಿಂದ ಹಾಕಬೇಕಿತ್ತು. ವಿಶೇಷ ಆಕ್ರಮಣದಲ್ಲಿ 130 ಅಂಕವುಳ್ಳ ಗೆಂಗಾರ್‌ನ ಎರಡು ವರ್ಗಗಳೂ, ಅಂದರೆ ಭೂತ ಮತ್ತು ವಿಷ, ದೈಹಿಕವೆಂದೇ ಎಣಿಸಲ್ಪಡುತ್ತಿದ್ದವು. ಅದರ ದೈಹಿಕ ಅಂಕವಾದರೋ 65 ಮಾತ್ರ. 2006ರಲ್ಲಿ ಪ್ರತಿ ಪಟ್ಟಿಗೂ ಪ್ರತ್ಯೇಕವಾಗಿ ಬಗೆಯನ್ನು ಗೊತ್ತುಪಡಿಸಿದಾಗ ವಾಟರ್‌ಫಾಲ್ ದೈಹಿಕವಾಯಿತು, ಶ್ಯಾಡೋ ಬಾಲ್ ವಿಶೇಷವಾಯಿತು, ಹತ್ತು ವರ್ಷಗಳ ಮೂವ್‌ಸೆಟ್ ತಿಳಿವಳಿಕೆ ಬಹುಮಟ್ಟಿಗೆ ಹಳತಾಯಿತು. ಸರಣಿಯ ಇತಿಹಾಸದಲ್ಲಿ ಪಟ್ಟುಗಳ ಆಯ್ಕೆಯನ್ನು ಇಷ್ಟು ಆಳವಾಗಿ ಕದಲಿಸಿದ ಬದಲಾವಣೆ ಇನ್ನೊಂದಿಲ್ಲವೆಂದರೆ ತಪ್ಪಾಗಲಾರದು.

ವ್ಯಾಪ್ತಿ

ಆಟದ ಕಥಾಭಾಗವನ್ನು ಮುಗಿಸಲು ನಾಲ್ಕು ಬಲವಾದ ಆಕ್ರಮಣಗಳಿದ್ದರೆ ಸಾಕು. ಸ್ಪರ್ಧೆಯಲ್ಲಿ ಎದುರಾಳಿಯೂ ಯೋಚಿಸುವವನಾದ್ದರಿಂದ, ತನ್ನ ವರ್ಗದ ಪಟ್ಟನ್ನು ತಡೆದುಕೊಳ್ಳುವ ಪೊಕೆಮಾನ್ ಎದುರು ನಿಂತಾಗ ಏನು ಮಾಡಬೇಕೆಂಬುದು ಮೊದಲೇ ತಿಳಿದಿರಬೇಕು. ಇದನ್ನು ವ್ಯಾಪ್ತಿ ಎನ್ನಬಹುದು.

ಮೊದಲ ತಲೆಮಾರಿನ ಟಾರೋಸ್ ಇದಕ್ಕೆ ಹಳೆಯ ನಿದರ್ಶನ. ಅದರ ಪ್ರಸಿದ್ಧ ಗುಚ್ಛ ಬಾಡಿ ಸ್ಲ್ಯಾಮ್, ಹೈಪರ್ ಬೀಮ್, ಬ್ಲಿಜರ್ಡ್, ಅರ್ಥ್‌ಕ್ವೇಕ್. ಮೊದಲೆರಡು ಅದರ ಸ್ವಂತ ಸಾಮಾನ್ಯ ವರ್ಗದವು. ಒಂದು ಪ್ರತಿದಿನದ ಬಳಕೆಗೆ, ಇನ್ನೊಂದು ಬಳಲಿದ ಎದುರಾಳಿಯನ್ನು ಮುಗಿಸುವುದಕ್ಕೆ. ಅಂದಿನ ಆಟದಲ್ಲಿ ಹೈಪರ್ ಬೀಮ್ ಎದುರಾಳಿಯನ್ನು ಕೆಡವಿದರೆ ಮರುಸರದಿಯಲ್ಲಿ ವಿಶ್ರಮಿಸಬೇಕಾದ ದಂಡ ಇರಲಿಲ್ಲ. ಸಾಮಾನ್ಯ ವರ್ಗದ ಪೆಟ್ಟು ತಾಗದ ಗೆಂಗಾರ್‌ಗೆ ಅರ್ಥ್‌ಕ್ವೇಕ್, ಎಕ್ಸೆಗ್ಯೂಟರ್‌ಗೆ ಬ್ಲಿಜರ್ಡ್. ನಾಲ್ಕರಲ್ಲಿ ಒಂದೂ ದಂಡವಲ್ಲ.

ಗಾರ್ಚಾಂಪ್‌ನ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಡ್ರ್ಯಾಗನ್ ಮತ್ತು ಭೂಮಿ ವರ್ಗಗಳ ಈ ಪೊಕೆಮಾನ್‌ನ ಆಕ್ರಮಣಾಂಕ 130. ಜೋಡಿ ಕಾಳಗಗಳಲ್ಲಿ ಇದು ಬಹುಕಾಲ ಡ್ರ್ಯಾಗನ್ ಕ್ಲಾ, ಅರ್ಥ್‌ಕ್ವೇಕ್, ರಾಕ್ ಸ್ಲೈಡ್, ಪ್ರೊಟೆಕ್ಟ್ ಎಂಬ ನಾಲ್ಕನ್ನು ಹೊತ್ತು ಬಂದಿತು. ಫೇರಿ ಮತ್ತು ಹಾರುವ ವರ್ಗಗಳೆರಡನ್ನೂ ಹೊಂದಿದ ಟೋಗೆಕಿಸ್ ಎದುರಾದರೆ ಗಾರ್ಚಾಂಪ್‌ನ ಎರಡೂ ಸ್ವಂತ ವರ್ಗಗಳು ಸೊನ್ನೆ: ಫೇರಿಗೆ ಡ್ರ್ಯಾಗನ್ ತಾಗದು, ಹಾರುವವಕ್ಕೆ ಭೂಮಿ ತಾಗದು. ರಾಕ್ ಸ್ಲೈಡ್ ಮಾತ್ರ ಇಮ್ಮಡಿಯಾಗಿ ತಾಗುತ್ತದೆ. ತನ್ನ ವರ್ಗದ್ದಲ್ಲದ, 75ರಷ್ಟೇ ಬಲವುಳ್ಳ ಆ ಪಟ್ಟಿಗೆ ಮೂರನೆಯ ಮನೆ ದೊರೆತಿರುವುದಕ್ಕೆ ಇದೊಂದು ಕಾರಣ. ಅದು ಎರಡೂ ಎದುರಾಳಿಗಳನ್ನು ಏಕಕಾಲಕ್ಕೆ ತಾಗುತ್ತದೆ ಮತ್ತು ತಾಗಿದವರನ್ನು ನೂರಕ್ಕೆ 30 ಬಾರಿ ಬೆಚ್ಚಿಸಿ ಆ ಸರದಿಯನ್ನು ಕಸಿಯಬಲ್ಲದು ಎಂಬುದು ಇನ್ನೊಂದು ಕಾರಣ.

ಅರ್ಥ್‌ಕ್ವೇಕ್‌ನ ಬಲ 100, ಡ್ರ್ಯಾಗನ್ ಕ್ಲಾ ಬಲ 80 ಎಂದು ನೋಡಿದ ಹೊಸಬನು ಎರಡನೆಯದನ್ನು ದುರ್ಬಲವೆಂದು ತಿಳಿಯುವುದು ಸಹಜ. ಆದರೆ ಜೋಡಿ ಕಾಳಗದಲ್ಲಿ ಹಲವರನ್ನು ತಾಗುವ ಪಟ್ಟಿನ ಪೆಟ್ಟು ಮುಕ್ಕಾಲಿಗೆ ಇಳಿಯುತ್ತದೆ. ಸ್ವಂತ ವರ್ಗದ ಒಂದೂವರೆ ಪಟ್ಟನ್ನು ಸೇರಿಸಿ ಲೆಕ್ಕ ಹಾಕಿದರೆ ಅರ್ಥ್‌ಕ್ವೇಕ್ 112.5, ಡ್ರ್ಯಾಗನ್ ಕ್ಲಾ 120. ಮೇಲಾಗಿ ಅರ್ಥ್‌ಕ್ವೇಕ್ ಪಕ್ಕದಲ್ಲಿ ನಿಂತ ಸಂಗಾತಿಯನ್ನೂ ಬಿಡುವುದಿಲ್ಲ. ಆ ಪಟ್ಟನ್ನು ಆರಿಸಿಕೊಂಡವರು ಪಕ್ಕದಲ್ಲಿ ಹಾರುವ ಪೊಕೆಮಾನ್ ಒಂದನ್ನು ನಿಲ್ಲಿಸಬೇಕಾಗುತ್ತದೆ, ಅಥವಾ ಸಂಗಾತಿ ಪ್ರೊಟೆಕ್ಟ್ ಹಾಕುವ ಸರದಿಗಾಗಿ ಕಾಯಬೇಕಾಗುತ್ತದೆ.

ಬಲ ಮತ್ತು ನಿಖರತೆ

ಬಲವಾದ ಪಟ್ಟು ಸಾಮಾನ್ಯವಾಗಿ ಗುರಿ ತಪ್ಪುವ ಪಟ್ಟೂ ಹೌದು. ಈಗಿನ ಆಟಗಳಲ್ಲಿ ಥಂಡರ್‌ನ ಬಲ 110, ನಿಖರತೆ ನೂರಕ್ಕೆ 70. ಥಂಡರ್‌ಬೋಲ್ಟ್‌ನ ಬಲ 90, ನಿಖರತೆ ನೂರಕ್ಕೆ ನೂರು. ಸರಾಸರಿಯಲ್ಲಿ ಥಂಡರ್ 77ಕ್ಕೆ ಇಳಿಯುತ್ತದೆ. ಫೈರ್ ಬ್ಲಾಸ್ಟ್‌ನ 110 ಬಲವನ್ನು ಅದರ 85ರ ನಿಖರತೆಯೊಂದಿಗೆ ಲೆಕ್ಕ ಹಾಕಿದರೆ 93.5 ಬರುತ್ತದೆ, ಫ್ಲೇಮ್‌ಥ್ರೋವರ್‌ನ 90ಕ್ಕಿಂತ ಕೂದಲೆಳೆಯಷ್ಟು ಮೇಲು. ಆದರೆ ಈ ಸರಾಸರಿಗಳು ದಾರಿ ತಪ್ಪಿಸುವಂಥವು. ಸ್ಪರ್ಧೆಯಲ್ಲಿ ಮುಖ್ಯವಾದದ್ದು ಎಷ್ಟು ಪೆಟ್ಟು ಎಂಬುದಲ್ಲ, ಎಷ್ಟು ಪೆಟ್ಟಿಗೆ ಎದುರಾಳಿ ಬೀಳುತ್ತಾನೆ ಎಂಬುದು. ಫ್ಲೇಮ್‌ಥ್ರೋವರ್ ಒಂದೇ ಪೆಟ್ಟಿಗೆ ಕೆಡವಬಲ್ಲ ಎದುರಾಳಿಯ ಮೇಲೆ ಫೈರ್ ಬ್ಲಾಸ್ಟ್‌ನ ಹೆಚ್ಚುವರಿ ಬಲ ವ್ಯರ್ಥ, ಅದರ ತಪ್ಪುವ ಸಾಧ್ಯತೆ ಮಾತ್ರ ಉಳಿಯುತ್ತದೆ. 85ರ ನಿಖರತೆಯ ಪಟ್ಟು ಸತತವಾಗಿ ಮೂರು ಸಲ ತಾಗುವ ಸಂಭವ ನೂರಕ್ಕೆ ಸುಮಾರು 61. ಪ್ರತಿ ಪೆಟ್ಟೂ ತನ್ನ ಗರಿಷ್ಠದ 85ರಿಂದ 100 ಪ್ರತಿಶತದೊಳಗೆ ಏರುಪೇರಾಗುವುದರಿಂದ ಅನುಭವಿಗಳು ಅಂದಾಜನ್ನು ನಂಬದೆ ಲೆಕ್ಕಯಂತ್ರಗಳ ನೆರವಿನಿಂದ ಪ್ರತಿಯೊಂದು ಮುಖಾಮುಖಿಯನ್ನೂ ಪರಿಶೀಲಿಸುತ್ತಾರೆ.

ತಂಡದ ಇತರ ಸದಸ್ಯರು ಈ ಲೆಕ್ಕವನ್ನೇ ತಿರುಗಿಸಬಲ್ಲರು. ಮಳೆ ಸುರಿಯುತ್ತಿರುವಾಗ ಥಂಡರ್ ಗುರಿ ತಪ್ಪುವುದೇ ಇಲ್ಲ. ಮಳೆ ತರಿಸುವ ಸಂಗಾತಿಯುಳ್ಳ ತಂಡದಲ್ಲಿ ಥಂಡರ್, ಅದಿಲ್ಲದ ತಂಡದಲ್ಲಿ ಥಂಡರ್‌ಬೋಲ್ಟ್. ಪೊಕೆಮಾನ್ ಒಂದೇ, ಉತ್ತರ ಬೇರೆ.

ಪ್ರಕಾರಗಳ ಭೇದ

ಅಧಿಕೃತ ವಿಶ್ವ ಸ್ಪರ್ಧೆಗಳು ಜೋಡಿ ಕಾಳಗದ ಮಾದರಿಯವು. ಆಟಗಾರನು ಆರು ಪೊಕೆಮಾನ್‌ಗಳನ್ನು ತಂದು, ಎದುರಾಳಿಯ ಆರನ್ನು ನೋಡಿ, ನಾಲ್ಕನ್ನು ಆರಿಸಿಕೊಳ್ಳುತ್ತಾನೆ. ಕಣದಲ್ಲಿ ಒಮ್ಮೆಗೆ ಎರಡೆರಡು ನಿಲ್ಲುತ್ತವೆ. ಒಂದೇ ಸರದಿಯಲ್ಲಿ ಎರಡು ಪೆಟ್ಟುಗಳು ಒಬ್ಬನ ಮೇಲೆ ಬೀಳಬಹುದಾದ್ದರಿಂದ ಇಲ್ಲಿ ಪ್ರೊಟೆಕ್ಟ್ ಬಹುಪಾಲು ಪೊಕೆಮಾನ್‌ಗಳ ನಾಲ್ಕನೆಯ ಪಟ್ಟು. ಹೊರನೋಟಕ್ಕೆ ಒಂದು ಸರದಿಯನ್ನು ಕಳೆಯುವುದಷ್ಟೇ ಅದರ ಕೆಲಸ. ಆ ಒಂದು ಸರದಿಯಲ್ಲಿ ಎದುರಾಳಿಯ ಎರಡು ಪೆಟ್ಟುಗಳು ವ್ಯರ್ಥವಾಗುತ್ತವೆ, ಸಂಗಾತಿ ತನ್ನ ಕೆಲಸ ಮಾಡಿಕೊಳ್ಳುತ್ತದೆ, ಐದು ಸರದಿಗಳ ಆಯಸ್ಸುಳ್ಳ ಎದುರಾಳಿಯ ಟ್ರಿಕ್ ರೂಮ್‌ನಲ್ಲಿ ಒಂದು ಸರದಿ ಸವೆಯುತ್ತದೆ.

ಒಂಟಿ ಕಾಳಗದ ತರ್ಕ ಬೇರೆ. ಆರೂ ಪೊಕೆಮಾನ್‌ಗಳು ಭಾಗವಹಿಸುವ, ಅಭಿಮಾನಿ ಸಮುದಾಯಗಳು ಬೆಳೆಸಿದ ಈ ಮಾದರಿಯಲ್ಲಿ ಪೊಕೆಮಾನ್‌ಗಳನ್ನು ಹಿಂದೆಗೆದು ಬದಲಿಸುವುದು ಹೆಚ್ಚು. ಬದಲಾಗಿ ಬಂದವನನ್ನು ಗಾಯಗೊಳಿಸುವ ಸ್ಟೆಲ್ತ್ ರಾಕ್ ಹಾಗೂ ಅದನ್ನು ಗುಡಿಸಿಹಾಕುವ ಪಟ್ಟುಗಳಿಗೆ ಅಲ್ಲಿ ಸ್ಥಾನ ಮೀಸಲು. ಬಂಡೆ ವರ್ಗಕ್ಕೆ ನಾಲ್ಮಡಿ ದುರ್ಬಲವಾದ ಚಾರಿಜಾರ್ಡ್ ಕಣಕ್ಕೆ ಕಾಲಿಟ್ಟ ಮಾತ್ರಕ್ಕೆ ಸ್ಟೆಲ್ತ್ ರಾಕ್‌ನಿಂದ ಅರ್ಧ ಜೀವಾಂಕ ಕಳೆದುಕೊಳ್ಳುತ್ತದೆ. ನಾಲ್ಕೇ ಪೊಕೆಮಾನ್‌ಗಳು ಇಳಿಯುವ, ಬೇಗ ಮುಗಿಯುವ ಜೋಡಿ ಕಾಳಗದಲ್ಲಿ ಅದೇ ಪಟ್ಟು ಅಪರೂಪ. ಒಂದು ಮಾದರಿಯ ಮೂವ್‌ಸೆಟ್ಟನ್ನು ಇನ್ನೊಂದಕ್ಕೆ ನಕಲು ಮಾಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಪೊಕೆಮಾನ್ ಹೊರುವ ವಸ್ತುವೂ ಆಯ್ಕೆಯನ್ನು ಕಟ್ಟಿಹಾಕುತ್ತದೆ. ಚಾಯ್ಸ್ ಬ್ಯಾಂಡ್ ಆಕ್ರಮಣವನ್ನು ಒಂದೂವರೆ ಪಟ್ಟಾಗಿಸುತ್ತದೆ, ಆದರೆ ಮೊದಲು ಹಾಕಿದ ಪಟ್ಟಿಗೇ ಪೊಕೆಮಾನನ್ನು ಬಂಧಿಸುತ್ತದೆ. ಅದರೊಡನೆ ಪ್ರೊಟೆಕ್ಟ್ ಇಡುವುದು ಅವಿವೇಕ. ಅಸಾಲ್ಟ್ ವೆಸ್ಟ್ ಧರಿಸಿದರೆ ಸ್ಥಿತಿಪಟ್ಟುಗಳನ್ನು ಹಾಕುವಂತೆಯೇ ಇಲ್ಲ.

2014ರ ಪಚಿರಿಸು

ಮೂವ್‌ಸೆಟ್ ಆಯ್ಕೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಉಲ್ಲೇಖವಾಗುವುದು 2014ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಸ್ಪರ್ಧೆ. ಹಿರಿಯರ ವಿಭಾಗವನ್ನು ಗೆದ್ದ ದಕ್ಷಿಣ ಕೊರಿಯದ ಸೆಜುನ್ ಪಾರ್ಕ್ ತಂಡದಲ್ಲಿ ಗಾರ್ಚಾಂಪ್, ಗ್ಯಾರಡಾಸ್, ಟಾಲನ್‌ಫ್ಲೇಮ್, ಗಾರ್ಡೆವಾಯರ್, ಗೋಥಿಟೆಲ್‌ಗಳ ಜೊತೆಗೆ ಪಚಿರಿಸು ಎಂಬ ಅಳಿಲಿನಂಥ ವಿದ್ಯುತ್ ಪೊಕೆಮಾನ್ ಇತ್ತು. ಅದರ ಆರು ಮೂಲಾಂಕಗಳ ಮೊತ್ತ 405. ಆಕ್ರಮಣ, ವಿಶೇಷ ಆಕ್ರಮಣ ಎರಡೂ 45. ಅಂಥದ್ದನ್ನು ವಿಶ್ವ ಸ್ಪರ್ಧೆಗೆ ತರುವವರು ಯಾರೂ ಇರಲಿಲ್ಲ.

ಅದರ ನಾಲ್ಕು ಪಟ್ಟುಗಳು: ನಜಲ್, ಸೂಪರ್ ಫ್ಯಾಂಗ್, ಫಾಲೋ ಮಿ, ಪ್ರೊಟೆಕ್ಟ್. ಇವನ್ನು ಒಂದೊಂದಾಗಿ ನೋಡಿದರೆ ಆಯ್ಕೆಯ ಹಿಂದಿನ ವಿಚಾರ ತಿಳಿಯುತ್ತದೆ. ನಜಲ್‌ನ ಬಲ ಕೇವಲ 20, ಆದರೆ ತಾಗಿದವನಿಗೆ ಪಾರ್ಶ್ವವಾಯು ನಿಶ್ಚಿತ. ಸೂಪರ್ ಫ್ಯಾಂಗ್ ಎದುರಾಳಿಯ ಉಳಿದ ಜೀವಾಂಕದ ಅರ್ಧವನ್ನು ಕಳೆಯುತ್ತದೆ. ಹಾಕಿದವನ ಆಕ್ರಮಣಾಂಕ ಎಷ್ಟೆಂದು ಅದು ಕೇಳುವುದಿಲ್ಲ. ಅಂದರೆ ಪಚಿರಿಸುವಿನ ದೊಡ್ಡ ಕೊರತೆಯಾದ 45ನ್ನು ಅವಲಂಬಿಸುವ ಕೆಲಸವೇ ಅದಕ್ಕೆ ಇರಲಿಲ್ಲ. ಆಕ್ರಮಣಕ್ಕೆ ಸಲ್ಲಬೇಕಾದ ತರಬೇತಿಯನ್ನೆಲ್ಲ ಜೀವಾಂಕಕ್ಕೂ ರಕ್ಷಣೆಗೂ ಹಾಕಿ ಅದನ್ನು ಗಟ್ಟಿಮಾಡಲಾಗಿತ್ತು.

ಉಳಿದದ್ದು ಫಾಲೋ ಮಿ. ಒಬ್ಬರಿಗೆ ಗುರಿಯಿಟ್ಟ ಎದುರಾಳಿಗಳ ಪಟ್ಟುಗಳನ್ನು ಆ ಸರದಿಯಲ್ಲಿ ತನ್ನತ್ತ ಸೆಳೆದುಕೊಳ್ಳುವ ಪಟ್ಟು ಅದು. ಗ್ಯಾರಡಾಸ್ ಮತ್ತು ಟಾಲನ್‌ಫ್ಲೇಮ್ ಎರಡಕ್ಕೂ ವಿದ್ಯುತ್ತೆಂದರೆ ಭಯ. ವೋಲ್ಟ್ ಅಬ್ಸಾರ್ಬ್ ಎಂಬ ಸಾಮರ್ಥ್ಯವುಳ್ಳ ಪಚಿರಿಸುವಿಗೆ ವಿದ್ಯುತ್ ತಾಗಿದರೆ ಜೀವಾಂಕ ಹೆಚ್ಚುತ್ತದೆ. ಸಂಗಾತಿಗೆ ಮಾರಕವಾಗಬೇಕಿದ್ದ ಪೆಟ್ಟು ಅಳಿಲಿಗೆ ಆಹಾರವಾಗುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದವನು ಬಲ ಹೆಚ್ಚಿಸಿಕೊಳ್ಳುತ್ತಿದ್ದನು ಇಲ್ಲವೆ ಹೊಡೆಯುತ್ತಿದ್ದನು. ಪಚಿರಿಸುವನ್ನು ಕೇವಲ ಮೆಚ್ಚಿನ ಪ್ರಾಣಿಯೆಂದು ತರಲಾಯಿತೆಂಬ ಮಾತು ಅಭಿಮಾನಿಗಳಲ್ಲಿ ಪ್ರಚಲಿತವಾಗಿದ್ದರೂ ಮೂವ್‌ಸೆಟ್ ಅದಕ್ಕೆ ಸಾಕ್ಷಿ ಹೇಳುವುದಿಲ್ಲ. ಆ ವರ್ಷದ ನಿಯಮಗಳಲ್ಲಿ ಕಲೋಸ್ ಪ್ರದೇಶದ ಪಟ್ಟಿಯಲ್ಲಿದ್ದ ಪೊಕೆಮಾನ್‌ಗಳಿಗಷ್ಟೇ ಪ್ರವೇಶವಿತ್ತು. ವಿದ್ಯುತ್ತನ್ನು ನುಂಗುವ ಶಕ್ತಿ, ಫಾಲೋ ಮಿ, ಸೂಪರ್ ಫ್ಯಾಂಗ್ ಈ ಮೂರೂ ಒಂದೇ ಜೀವಿಯಲ್ಲಿ ಸೇರುವುದು ತೀರ ವಿರಳ. ಆದರೆ ಇದೇ ನಾಲ್ಕು ಪಟ್ಟುಗಳ ಪಚಿರಿಸುವನ್ನು ಬೇರೆ ಐವರ ನಡುವೆ ಇರಿಸಿದರೆ ಅದು ಮತ್ತೆ 405 ಅಂಕಗಳ ಅಳಿಲು.

ಗೋಪ್ಯತೆ ಮತ್ತು ಬಹಿರಂಗ ಪಟ್ಟಿ

ಬಹುಕಾಲ ಎದುರಾಳಿಯ ಪಟ್ಟುಗಳು ಪ್ರಯೋಗವಾಗುವವರೆಗೆ ತಿಳಿಯುತ್ತಿರಲಿಲ್ಲ. ಯಾರೂ ನಿರೀಕ್ಷಿಸದ ಒಂದು ಪಟ್ಟನ್ನು ನಾಲ್ಕನೆಯ ಮನೆಯಲ್ಲಿ ಅಡಗಿಸಿಟ್ಟು ಒಂದೇ ಕಾಳಗಕ್ಕಾಗಿ ಕಾಯುವುದೂ ಒಂದು ಕಲೆಯಾಗಿತ್ತು. 2023ರ ಸ್ಪರ್ಧಾ ಋತುವಿನಿಂದ ಪ್ರಮುಖ ಅಧಿಕೃತ ಸ್ಪರ್ಧೆಗಳಲ್ಲಿ ತಂಡದ ಪಟ್ಟುಗಳು, ವಸ್ತುಗಳು, ಸಾಮರ್ಥ್ಯಗಳು ಎದುರಾಳಿಗೆ ಮೊದಲೇ ಬಹಿರಂಗವಾಗುತ್ತವೆ. 2022ರ ಸ್ಕಾರ್ಲೆಟ್ ಮತ್ತು ವಾಯಲೆಟ್ ಆಟಗಳಲ್ಲಿ ಬಂದ ಟೆರಾ ವರ್ಗ, ಅಂದರೆ ಕಾಳಗದ ನಡುವೆ ಪೊಕೆಮಾನ್ ತಳೆಯಬಹುದಾದ ಹೊಸ ವರ್ಗ, ಕೂಡ ಆ ಪಟ್ಟಿಯಲ್ಲಿರುತ್ತದೆ. ಇದರಿಂದ ಅಚ್ಚರಿಯ ಪಟ್ಟುಗಳ ಬೆಲೆ ತಗ್ಗಿತು. ಆದರೆ ಬೇರೊಂದು ಬೆಲೆ ಹುಟ್ಟಿಕೊಂಡಿತು: ಎದುರಾಳಿಯ ಹಾಳೆಯಲ್ಲಿ ಫೇಕ್ ಔಟ್ ಎಂಬ ಹೆಸರು ಕಂಡರೆ ಸಾಕು, ಅದು ಪ್ರಯೋಗವಾಗದಿದ್ದರೂ ಮೊದಲ ಸರದಿಯ ಯೋಜನೆ ಬದಲಾಗುತ್ತದೆ.

ಪಟ್ಟುಗಳನ್ನು ಕಲಿಸುವ ಶ್ರಮವೂ ಕಾಲಕ್ರಮದಲ್ಲಿ ಇಳಿದಿದೆ. ಮೊದಲ ಆಟಗಳಲ್ಲಿ ಪಟ್ಟು ಕಲಿಸುವ ಯಂತ್ರ ಒಮ್ಮೆ ಬಳಸಿದರೆ ಮುಗಿಯಿತು. ತಪ್ಪು ಆಯ್ಕೆಗೆ ಪರಿಹಾರವಿರಲಿಲ್ಲ. 2010ರ ಬ್ಲ್ಯಾಕ್ ಮತ್ತು ವೈಟ್ ಆವೃತ್ತಿಗಳಲ್ಲಿ ಅವು ಎಷ್ಟು ಸಲವಾದರೂ ಬಳಸಬಹುದಾದವಾದವು. ಸ್ಕಾರ್ಲೆಟ್ ಮತ್ತು ವಾಯಲೆಟ್‌ನಲ್ಲಿ ಮತ್ತೆ ಒಮ್ಮೆಯ ಬಳಕೆಗೆ ಮರಳಿದರೂ ಬೇಕಾದಷ್ಟು ಹೊಸದಾಗಿ ತಯಾರಿಸಿಕೊಳ್ಳುವ ಅವಕಾಶವಿದೆ. ಆದುದರಿಂದ ಇಂದಿನ ಆಟಗಾರನು ಒಂದು ಸ್ಪರ್ಧೆಯಲ್ಲಿ ಸೋತ ಗುಚ್ಛವನ್ನು ಮುಂದಿನ ಸ್ಪರ್ಧೆಯೊಳಗೆ ತಿದ್ದಿಕೊಳ್ಳಬಹುದು; ಸ್ಪರ್ಧೆ ನಡೆಯುತ್ತಿರುವಾಗ ಮಾತ್ರ ಮೊದಲೇ ಸಲ್ಲಿಸಿದ ಪಟ್ಟಿಯನ್ನು ಬದಲಿಸುವಂತಿಲ್ಲ.