ಇಂಟರ್‌ಫೇಸ್ ಆಟೊಮ್ಯಾಟಾ
ತಂತ್ರಾಂಶದ ಘಟಕಗಳು ಯಾವ ಸಂದೇಶವನ್ನು ಯಾವ ಸರದಿಯಲ್ಲಿ ಕಳಿಸುತ್ತವೆ, ಪಡೆಯುತ್ತವೆ ಎಂಬುದನ್ನು ಸ್ಥಿತಿಗಳ ನಕ್ಷೆಯಾಗಿ ಬರೆಯುವ ಗಣಿತ ಮಾದರಿ. ಲೂಕಾ ಡಿ ಅಲ್ಫಾರೊ ಮತ್ತು ಥಾಮಸ್ ಹೆನ್ಜಿಂಗರ್ ಇದನ್ನು 2001ರಲ್ಲಿ ಮಂಡಿಸಿದರು.

ಇಂಥ ಮಾದರಿ ಏಕೆ ಬೇಕೆಂಬುದಕ್ಕೆ ಕರ್ನಾಟಕದ ಆಸ್ತಿ ನೋಂದಣಿಯ ‘ಕಾವೇರಿ’ ಮತ್ತು ಭೂದಾಖಲೆಗಳ ‘ಭೂಮಿ’ ತಂತ್ರಾಂಶಗಳ ಜೋಡಣೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ಹೊಲವೊಂದು ಮಾರಾಟವಾಯಿತೆನ್ನಿ. ಕ್ರಯಪತ್ರ ಕಾವೇರಿಯಲ್ಲಿ ನೋಂದಣಿಯಾಗುತ್ತದೆ. ಹಕ್ಕು ಬದಲಾವಣೆಯ ಕೋರಿಕೆ ಭೂಮಿಗೆ ಹೋಗಿ, ಪಹಣಿ ಬದಲಾಗಬೇಕು. ಒಂದು ಘಟಕ ಕಳಿಸಿದ ಸಂದೇಶವನ್ನು ಇನ್ನೊಂದು ಆಗ ತಾನಿರುವ ಸ್ಥಿತಿಯಲ್ಲಿ ಸ್ವೀಕರಿಸಲಾರದಿದ್ದರೆ, ಮಾದರಿಯ ಭಾಷೆಯಲ್ಲಿ ಅದು ದೋಷಸ್ಥಿತಿ. ಕೊಂಡ ರೈತನಿಗೆ ಅದು ಬರೀ ಗಣಿತವಲ್ಲ: ಪಹಣಿಯಲ್ಲಿ ಹಳೆಯ ಹೆಸರೇ ಉಳಿದೀತು.

ದೋಷಸ್ಥಿತಿ ತಲುಪದಂತೆ ಎರಡು ಘಟಕಗಳನ್ನು ಜೊತೆಯಾಗಿ ಬಳಸಬಲ್ಲ ಪರಿಸರ, ಅಂದರೆ ಹೊರಗಿನ ವ್ಯವಸ್ಥೆ, ಒಂದಾದರೂ ಇದ್ದರೆ ಅವು ಪರಸ್ಪರ ಹೊಂದುತ್ತವೆ ಎಂದೇ ಈ ಮಾದರಿ ಎಣಿಸುತ್ತದೆ. ಇದರ ನಿಜವಾದ ಹೊಸತನ ಇದೇ.