ಇಂದಿರಾ ಗಾಂಧಿ: ಕರ್ನಾಟಕದ ಎರಡು ನೆನಪು

ಇಂದಿರಾ ಗಾಂಧಿಯವರ ಬಗ್ಗೆ ಕರ್ನಾಟಕದಲ್ಲಿ ಇಂದಿಗೂ ಎರಡು ಮಾತುಗಳಿವೆ. ಎರಡೂ ಗಟ್ಟಿಯಾದದ್ದು 1974ರಿಂದ 1978ರ ನಡುವಿನ ಅವೇ ವರ್ಷಗಳಲ್ಲಿ. ಒಂದು ಹುಟ್ಟಿದ್ದು ಗದ್ದೆಯಲ್ಲಿ, ಇನ್ನೊಂದು ಜೈಲಿನಲ್ಲಿ.

1974ರ ಮಾರ್ಚ್ 1ರಂದು ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿ ಕೊಟ್ಟು ಉಳುತ್ತಿದ್ದವನು ಆ ಭೂಮಿಯ ಒಡೆತನಕ್ಕಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿ ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕಿತ್ತು. ಆರಂಭದಲ್ಲಿ ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಧಣಿಯ ಎದುರು ಒಕ್ಕಲು ತಾನೇ ಬಾಯಿಬಿಟ್ಟು ಹೇಳಬೇಕಾಗಿತ್ತು. ಕರಾವಳಿಯ ಜನ ಇದನ್ನು ‘ಡಿಕ್ಲರೇಶನ್’ ಎಂದೇ ಕರೆದರು. ಕಾನೂನು ರಾಜ್ಯದ್ದೇ. ಆದರೆ 1972ರಲ್ಲಿ ಅರಸು ಗೆದ್ದು ಬಂದದ್ದು ಇಂದಿರಾ ಹೆಸರಿನ ಬಲದಿಂದ. ಹಾಗಾಗಿ ಪಹಣಿಯಲ್ಲಿ ಹೆಸರು ಕಂಡ ಮನೆಗಳ ಋಣಭಾವ ಇಂದಿರಾ ಅವರಿಗೂ ಸಂದಿತು, ಭೂಮಿ ಕಳೆದುಕೊಂಡವರ ಸಿಟ್ಟೂ ಸಂದಿತು. ಕಳೆದುಕೊಂಡವರೆಲ್ಲ ದೊಡ್ಡ ಜಮೀನ್ದಾರರಲ್ಲ. ಸಣ್ಣ ಗೇಣಿಯಲ್ಲೇ ಬದುಕುತ್ತಿದ್ದ ವಿಧವೆಯರೂ ಅವರಲ್ಲಿದ್ದರು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮರುದಿನವೇ ಬಂಧಿತರಾದರು. ಎಚ್.ಡಿ. ದೇವೇಗೌಡರೂ ಬೆಂಗಳೂರಿನ ಕೇಂದ್ರ ಕಾರಾಗೃಹ ಸೇರಿದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರಿಗೆ ಆಸ್ತಮಾ ಇತ್ತು. ತಿಂಗಳುಗಟ್ಟಲೆ ಅದೇ ಜೈಲಿನಲ್ಲಿದ್ದು, ಉಸಿರು ಪೂರ್ತಿ ಕೆಟ್ಟ ಮೇಲೆ ಹೊರಬಂದ ಅವರು 1977ರ ಜನವರಿಯಲ್ಲಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಸಾವಿಗೆ ಯಾವ ಭೂಸುಧಾರಣೆಯೂ ಸಮಾಧಾನವಾಗಲಾರದು.

ಆದರೂ ಅದೇ ವರ್ಷದ ಮಾರ್ಚ್‌ನ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28 ಸ್ಥಾನಗಳಲ್ಲಿ 26ನ್ನು ಅದಕ್ಕೇ ಕೊಟ್ಟಿತು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರಿನಲ್ಲಿ ಇಂದಿರಾ, ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು.

ಅಂದಿನ ಎರಡು ಪಾಳಯ ಹಾಗೆಯೇ ಉಳಿಯಲಿಲ್ಲ. 1979ರಲ್ಲಿ ಅರಸು ಅವರೇ ಇಂದಿರಾರಿಂದ ದೂರವಾದರು. ಜೈಲು ಕಂಡ ದೇವೇಗೌಡರು 1996ರಲ್ಲಿ ಪ್ರಧಾನಿಯಾದದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದಿಂದ. ಚಂದ್ರೇಗೌಡರು 2009ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಸಂಸದರಾದರು. ವ್ಯಕ್ತಿಗಳು ಅತ್ತಿತ್ತ ಹೋದರೂ ನೆನಪುಗಳು ಮಾತ್ರ ಪಕ್ಷಗಳ ಪಾಲಾದವು. ಬೆಂಗಳೂರಿನ ಆ ಹಳೆಯ ಕಾರಾಗೃಹ 2008ರಲ್ಲಿ ಸ್ವಾತಂತ್ರ್ಯ ಉದ್ಯಾನವಾಯಿತು. ಅದರ ಕಾವಲು ಗೋಪುರ ಇಂದಿಗೂ ನಿಂತಿದೆ. 2017ರಲ್ಲಿ ಕಾಂಗ್ರೆಸ್ ಸರ್ಕಾರ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಡುವ ಕ್ಯಾಂಟೀನುಗಳಿಗೆ ಇಂದಿರಾ ಹೆಸರಿಟ್ಟಿತು. 2024ರಲ್ಲಿ ಬಿಜೆಪಿ ನೇತೃತ್ವದ ಕೇಂದ್ರ ಸರ್ಕಾರ ಜೂನ್ 25ನ್ನು ‘ಸಂವಿಧಾನ ಹತ್ಯಾ ದಿವಸ’ ಎಂದು ಘೋಷಿಸಿತು.

ಡಿಕ್ಲರೇಶನ್‌ನಲ್ಲಿ ಗದ್ದೆ ಪಡೆದ ಒಕ್ಕಲು ಮನೆಗಳು ತುಂಬಿರುವ ಮಂಗಳೂರಿನ ಕಡೆಯ ಲೋಕಸಭಾ ಕ್ಷೇತ್ರದಲ್ಲಿ 1991ರಿಂದ ಬಿಜೆಪಿಯೇ ಗೆಲ್ಲುತ್ತಿದೆ.