ಅನೊರೆಕ್ಸಿಯಾ ನರ್ವೋಸಾ: ಆನುವಂಶಿಕ ಕಾರಣಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಅನೊರೆಕ್ಸಿಯಾ ನರ್ವೋಸಾ ಒಂದು ಗಂಭೀರ ಮಾನಸಿಕ ಕಾಯಿಲೆಯಾಗಿರುತ್ತದೆ. ತೂಕ ಹೆಚ್ಚುವುದೆಂಬ ತೀವ್ರ ಭಯದಿಂದ ರೋಗಿಯು ಆಹಾರವನ್ನು ದೇಹದ ಅಗತ್ಯಕ್ಕಿಂತ ಬಹಳ ಕಡಿಮೆ ಮಾಡುತ್ತಾರೆ. ಹದಿಹರೆಯದ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಗಂಡುಮಕ್ಕಳಲ್ಲಿಯೂ ಕಂಡುಬರುತ್ತದೆ. ಮರಣ ಪ್ರಮಾಣ ಅತಿ ಹೆಚ್ಚಿರುವ ಮಾನಸಿಕ ಕಾಯಿಲೆಗಳ ಪೈಕಿ ಇದೂ ಒಂದು. ಆದಾಗ್ಯೂ ಇದನ್ನು ಮಗಳ ಹಠವೆಂದೋ, ತೆಳ್ಳಗಾಗುವ ಶೋಕಿಯೆಂದೋ, ತಾಯಿಯ ಪಾಲನೆಯ ಲೋಪವೆಂದೋ ಭಾವಿಸಿ ಚಿಕಿತ್ಸೆಯನ್ನು ವಿಳಂಬ ಮಾಡಲಾಗುತ್ತಿದೆ. ಸಂಶೋಧನೆಯು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ತದ್ರೂಪಿ ಅವಳಿಗಳನ್ನೂ ಇತರ ಅವಳಿಗಳನ್ನೂ ಹೋಲಿಸಿ ನಡೆಸಿದ ಅಧ್ಯಯನಗಳ ಪ್ರಕಾರ, ಈ ಕಾಯಿಲೆಗೆ ಒಳಗಾಗುವ ಸಂಭವದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸುಮಾರು ಅರ್ಧದಷ್ಟು ಭಾಗಕ್ಕೆ ಅನುವಂಶೀಯತೆಯೇ ಕಾರಣ. ರೋಗಿಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ.

2017ರಲ್ಲಿ 3,495 ರೋಗಿಗಳ ಅಧ್ಯಯನದಿಂದ 12ನೇ ವರ್ಣತಂತುವಿನಲ್ಲಿ ಮೊದಲ ಖಚಿತ ಸುಳಿವು ದೊರೆಯಿತು. ನಂತರ 17 ದೇಶಗಳ 16,992 ರೋಗಿಗಳು ಹಾಗೂ ಕಾಯಿಲೆಯಿಲ್ಲದ 55,525 ಜನರ ವಂಶವಾಹಿ ಮಾಹಿತಿಯನ್ನು ಹೋಲಿಸಲಾಯಿತು. 2019ರಲ್ಲಿ ಪ್ರಕಟವಾದ ಈ ಅಧ್ಯಯನವು ಕಾಯಿಲೆಗೆ ಸಂಬಂಧಿಸಿದ ಎಂಟು ಸ್ಥಾನಗಳನ್ನು ಗುರುತಿಸಿತು. ಇದರ ಆನುವಂಶಿಕ ಮೂಲವು ಗೀಳು ಕಾಯಿಲೆ, ಖಿನ್ನತೆ ಮತ್ತು ಆತಂಕಗಳೊಂದಿಗೆ ಭಾಗಶಃ ಹೊಂದಿಕೆಯಾಗುತ್ತದೆ. ಇದು ನಿರೀಕ್ಷಿತವೇ ಆಗಿತ್ತು. ಅನಿರೀಕ್ಷಿತವಾದುದೆಂದರೆ, ಇನ್ಸುಲಿನ್, ರಕ್ತದ ಕೊಬ್ಬು ಮತ್ತು ದೇಹದ ತೂಕವನ್ನು ಪ್ರಭಾವಿಸುವ ಅಂಶಗಳೊಂದಿಗೂ ಸಂಬಂಧ ಕಂಡುಬಂದದ್ದು. ಆದ್ದರಿಂದ ಇದನ್ನು ಮನಸ್ಸಿನ ಜೊತೆಗೆ ದೇಹದ ಚಯಾಪಚಯಕ್ಕೂ ಸೇರಿದ ಕಾಯಿಲೆಯೆಂದು ಪರಿಗಣಿಸಬೇಕೆಂಬುದು ಸಂಶೋಧಕರ ಅಭಿಪ್ರಾಯ. ಆಸ್ಪತ್ರೆಯಲ್ಲಿ ತೂಕ ಹೆಚ್ಚಿಸಿಕೊಂಡು ಮನೆಗೆ ಮರಳಿದವರಲ್ಲಿ ಅನೇಕರ ತೂಕ ಮತ್ತೆ ಇಳಿಯುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಅಧ್ಯಯನದಲ್ಲಿ ಪಾಲ್ಗೊಂಡವರು ಯುರೋಪ್ ಮೂಲದವರಾಗಿದ್ದು, ಫಲಿತಾಂಶಗಳನ್ನು ಭಾರತೀಯರಿಗೆ ನೇರವಾಗಿ ಅನ್ವಯಿಸಲಾಗದು. ಅಲ್ಲದೆ ಪ್ರತಿಯೊಂದು ಸ್ಥಾನದ ಪ್ರಭಾವವೂ ಅತ್ಯಲ್ಪ. ಆದುದರಿಂದ ಕಾಯಿಲೆಯನ್ನು ಪತ್ತೆಹಚ್ಚುವ ಅಥವಾ ಮುನ್ಸೂಚಿಸುವ ವಂಶವಾಹಿ ಪರೀಕ್ಷೆ ಇರುವುದಿಲ್ಲ. ಅಂತಹ ಪರೀಕ್ಷೆಗಾಗಿ ಹಣ ವ್ಯಯಿಸುವ ಅಗತ್ಯವಿಲ್ಲ. ವೈದ್ಯರು ಲಕ್ಷಣಗಳು ಮತ್ತು ದೈಹಿಕ ತಪಾಸಣೆಯ ಆಧಾರದ ಮೇಲೆಯೇ ಕಾಯಿಲೆಯನ್ನು ನಿರ್ಧರಿಸುತ್ತಾರೆ. ಪೌಷ್ಟಿಕತೆಯ ಪುನಃಸ್ಥಾಪನೆ ಹಾಗೂ ಮನೋಚಿಕಿತ್ಸೆ ಚಿಕಿತ್ಸೆಯ ಮುಖ್ಯ ಭಾಗಗಳು. ಮಕ್ಕಳ ಚಿಕಿತ್ಸೆಯಲ್ಲಿ ತಂದೆತಾಯಿಯರ ಪಾತ್ರ ದೊಡ್ಡದು.

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ ಅನ್ವಯ ವಿಮಾ ಸಂಸ್ಥೆಗಳು ದೈಹಿಕ ಕಾಯಿಲೆಗಳಿಗೆ ಸಮಾನವಾಗಿ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸತಕ್ಕದ್ದು. ಸಲಹೆ ಬಯಸುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಮೂರ್ಛೆ, ಎದೆಬಡಿತದಲ್ಲಿ ಏರುಪೇರು ಅಥವಾ ತೀವ್ರ ನಿಶ್ಶಕ್ತಿ ಕಂಡುಬಂದಲ್ಲಿ ರೋಗಿಯನ್ನು ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.